ಗೀಸರ್ ಹಾಕಿಸುವ ಮುಂಚೆ: ನಿಮ್ಮ ಮನೆಯ ಕರೆಂಟ್ ಲೈನು ತಡೆಯುತ್ತದೆಯೇ?

ಚಿಕ್ಕಬಳ್ಳಾಪುರದ ಕಡೆ ಚಳಿ ಶುರುವಾದರೆ ಗೀಸರ್ ಕೊಳ್ಳುವ ಮಾತು ಬರುತ್ತದೆ. ಅಂಗಡಿಗೆ ಹೋಗುವ ಮುಂಚೆ ಬೆಸ್ಕಾಂ (ವಿದ್ಯುತ್ ಕಂಪನಿ) ಬಿಲ್ ತೆಗೆದು ಮಂಜೂರಾದ ಲೋಡ್, ಅಂದರೆ ಮನೆ ಒಟ್ಟಿಗೆ ಎಳೆಯಲು ಒಪ್ಪಿಗೆಯಿರುವ ವಿದ್ಯುತ್, ಎಷ್ಟೆಂದು ನೋಡಿ. ಹಳೆಯ ಮನೆಗಳಲ್ಲಿ ಅದು 1 ಅಥವಾ 2 ಕಿಲೋವ್ಯಾಟ್ ಇರುವುದು ಸಾಮಾನ್ಯ. 15 ಲೀಟರಿನ ಗೀಸರ್ ಒಂದೇ 2 ಕಿಲೋವ್ಯಾಟ್ ಎಳೆಯುತ್ತದೆ, ನಲ್ಲಿ ತಿರುಗಿಸಿದ ಕೂಡಲೇ ಬಿಸಿನೀರು ಕೊಡುವ ಇನ್‌ಸ್ಟಂಟ್ ಗೀಸರ್ 3 ಕಿಲೋವ್ಯಾಟ್.

ಬೆಳಗ್ಗೆ ಒಟ್ಟಿಗೆ ಓಡುವುದನ್ನು ಕೂಡಿಸಿ. ಗೀಸರ್ 2000 ವ್ಯಾಟ್, ಮಿಕ್ಸಿ 750, ಅರ್ಧ ಎಚ್‌ಪಿ ಮೋಟರ್ ಸುಮಾರು 550, ಫ್ರಿಜ್ 150, ಲೈಟು-ಫ್ಯಾನು 300. ಒಟ್ಟು 3750 ವ್ಯಾಟ್. 230 ವೋಲ್ಟಿನಿಂದ ಭಾಗಿಸಿದರೆ 16 ಆಂಪಿಯರಿಗಿಂತ ಸ್ವಲ್ಪ ಹೆಚ್ಚು. ಮೋಟರ್ ಆನ್ ಆಗುವ ಕ್ಷಣದಲ್ಲಿ ತಾನು ಓಡುವಾಗ ಎಳೆಯುವುದರ ಎಷ್ಟೋ ಪಟ್ಟು ಎಳೆಯುತ್ತದೆ, ಹಾಗಾಗಿ ಅದನ್ನು ಗೀಸರ್ ಜೊತೆಗೆ ಹಾಕದಿರುವುದೇ ಲೇಸು.

ಲೆಕ್ಕ ಸರಿಯೇ ಎಂದು ಮೀಟರನ್ನೇ ಕೇಳಬಹುದು. ಅದರ ಮುಖದ ಮೇಲೆ ಯೂನಿಟ್ಟಿಗೆ ಎಷ್ಟು ಮಿನುಗು ಎಂದು ಬರೆದಿರುತ್ತದೆ. ಅದು 3200 ಆಗಿದ್ದರೆ, ಬೆಳಗಿನ ಎಲ್ಲಾ ಉಪಕರಣ ಓಡುವಾಗ ಕೆಂಪು ದೀಪವನ್ನು ಫೋನಿನಲ್ಲಿ ವಿಡಿಯೋ ಮಾಡಿ, 32 ಮಿನುಗಿಗೆ ಎಷ್ಟು ಸೆಕೆಂಡ್ ಆಯಿತೆಂದು ನೋಡಿ. 36ನ್ನು ಆ ಸೆಕೆಂಡಿನಿಂದ ಭಾಗಿಸಿದರೆ ಬರುವುದು ಕಿಲೋವ್ಯಾಟ್: 12 ಸೆಕೆಂಡ್ ಆದರೆ 3, 24 ಆದರೆ 1.5. ಅದಕ್ಕೆ ಗೀಸರಿನದನ್ನು ಸೇರಿಸಿ. ಮಂಜೂರಾತಿ ಮೀರಿದರೆ ಬೆಸ್ಕಾಂ ಉಪವಿಭಾಗದ ಕಚೇರಿಯಲ್ಲಿ ಹೆಚ್ಚುವರಿ ಲೋಡಿಗೆ ಅರ್ಜಿ ಕೊಡಿ. ಇದರಿಂದ ತಿಂಗಳ ನಿಗದಿತ ಶುಲ್ಕವೂ ಏರುತ್ತದೆ.

ಲೋಡ್ ಮಂಜೂರಾದ ಮಾತ್ರಕ್ಕೆ ಗೋಡೆಯೊಳಗಿನ ವೈರು ದಪ್ಪವಾಗುವುದಿಲ್ಲ, ಬೆಂಕಿ ಹುಟ್ಟುವುದು ಅಲ್ಲೇ. ಮೇನ್ ಆಫ್ ಮಾಡಿ, ಬಚ್ಚಲುಮನೆಯ ಬೋರ್ಡ್ ಬಿಚ್ಚಿ, ವೈರಿನ ಮೇಲಿನ ಅಕ್ಷರ ಓದಿ. 1.5 ಸ್ಕ್ವೇರ್ ಎಂಎಂ ಲೈಟಿಗೆ ಮಾತ್ರ. 2 ಕಿಲೋವ್ಯಾಟಿಗೆ 2.5ರ ತಾಮ್ರದ ವೈರು, 16 ಆಂಪ್ಸ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್). 3 ಕಿಲೋವ್ಯಾಟ್ 13 ಆಂಪಿಯರ್ ಎಳೆಯುವುದರಿಂದ 4ರ ವೈರು, 20 ಆಂಪ್ಸ್ ಎಂಸಿಬಿ. ಈ ವೈರು ಮೇನ್ ಬೋರ್ಡಿನಿಂದ ನೇರವಾಗಿ ಬರಬೇಕು, ನಡುವೆ ಬೇರೆ ಪಾಯಿಂಟ್ ಬೇಡ. ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಕಂಡರೆ ಗೀಸರ್ ಬೇಡವೇ ಬೇಡ. ಅದು ಸ್ಕ್ರೂ ಅಡಿಯಲ್ಲಿ ಕ್ರಮೇಣ ಸಡಿಲವಾಗಿ ಬಿಸಿಯಾಗುತ್ತದೆ.

ಎಂಸಿಬಿ ಪದೇ ಪದೇ ಬೀಳುತ್ತದೆಂದು ದೊಡ್ಡದನ್ನು ಹಾಕಿಸುವುದು, ಫ್ಯೂಸಿಗೆ ದಪ್ಪ ತಂತಿ ಸುತ್ತುವುದು, ಎರಡೂ ಒಂದೇ ತಪ್ಪು. ಆಮೇಲೆ ಮೊದಲು ಸುಡುವುದು ಫ್ಯೂಸಲ್ಲ, ವೈರು. ನೀರು ಕಾಯಿಸುವ ರಾಡನ್ನು ಟಿವಿಯ ಸಣ್ಣ ಪ್ಲಗ್ಗಿಗೆ ಹಾಕುವುದೂ ಅಷ್ಟೇ ಅಪಾಯ. 1500 ವ್ಯಾಟಿನ ರಾಡಿಗೆ 6.5 ಆಂಪಿಯರ್ ಬೇಕು, ಆ ಪ್ಲಗ್ 6ರದ್ದು. ದೊಡ್ಡ ಪ್ಲಗ್ಗಿಗೆ ಹಾಕಿದರೂ ಹತ್ತು ನಿಮಿಷವಾದ ಮೇಲೆ ಸ್ವಿಚ್ ಆಫ್ ಮಾಡಿ, ಪ್ಲಗ್ ಟಾಪನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಒಳಗಿನ ಹಿಡಿತ ಸಡಿಲವಾಗಿರಬಹುದು.

ಹಳ್ಳಿಗಳಲ್ಲಿ ಸಂಜೆ ವೋಲ್ಟೇಜ್ 180ಕ್ಕೆ ಇಳಿದರೆ 3 ಕಿಲೋವ್ಯಾಟ್ ಗೀಸರ್ 1.8ರಷ್ಟೇ ಕೆಲಸ ಮಾಡುತ್ತದೆ, ನೀರು ತಡವಾಗಿ ಕಾಯುತ್ತದೆ. ಇದು ಗೀಸರಿನ ದೋಷವಲ್ಲ. ಆದರೆ ಗೀಸರ್ ಹಾಕಿದ ಕೂಡಲೇ ಮನೆಯ ಬಲ್ಬುಗಳೆಲ್ಲ ಮಂಕಾದರೆ ಮೀಟರ್ ಬಳಿ ಅಥವಾ ಸರ್ವಿಸ್ ವೈರಿನಲ್ಲಿ ಜಾಯಿಂಟ್ ಸಡಿಲವಿದೆ ಎಂದು ಅನುಮಾನಿಸಿ. ಕೆಲವು ಬಲ್ಬು ಮಂಕು, ಕೆಲವು ಅತಿ ಪ್ರಕಾಶ ಎಂದಾದರೆ ಸಂಪರ್ಕ ಮೂರು ಫೇಸಿನದಿರಬೇಕು, ನ್ಯೂಟ್ರಲ್ ಕೈಕೊಟ್ಟಿದೆ. ತಡಮಾಡದೆ ಮೇನ್ ಆಫ್ ಮಾಡಿ, 1912ಕ್ಕೆ ಕರೆ ಮಾಡಿ.

ಅರ್ಥಿಂಗ್ ಇಲ್ಲದೆ ಗೀಸರ್ ಹಾಕಲೇಬೇಡಿ. ಫೇಸಿಗೂ ಅರ್ಥಿಗೂ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿದು 230 ತೋರಿಸಿದರೆ ಸಾಕೆಂಬುದು ಸುಳ್ಳು ಭರವಸೆ. ಅರ್ಥಿಂಗ್ ಹಾಳಾಗಿದ್ದರೂ ಅದು ಅಷ್ಟೇ ತೋರಿಸಬಹುದು. ಎಲೆಕ್ಟ್ರಿಷಿಯನ್ ಅರ್ಥ್ ಟೆಸ್ಟರಿನಿಂದ ಅಳೆಯಲಿ. ಕೋಲಾರದಂಥ ಒಣ ನೆಲದಲ್ಲಿ ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ಆಗಾಗ ನೀರು ಹಾಕಬೇಕು. ಜೊತೆಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಇರಲಿ. ಬೋರ್‌ವೆಲ್‌ನ ಗಡಸು ನೀರಿನಿಂದ ಎಲಿಮೆಂಟಿಗೆ ಬಿಳಿ ಪದರ ಕಟ್ಟಿ ಕೊನೆಗೆ ಅದು ಸೀಳಿದರೆ ಮೊದಲು ಬೀಳುವುದು ಇದೇ ಆರ್‌ಸಿಸಿಬಿ. ಆಗ ಬದಲಿಸಬೇಕಾದದ್ದು ಎಲಿಮೆಂಟನ್ನು, ಆರ್‌ಸಿಸಿಬಿಯನ್ನಲ್ಲ.