ಹಗ್ಗದಿಂದ ಶಬ್ದದವರೆಗೆ: ಅಲೆಗಳ ಪಾಠ ಮಾಡಿದ ನನ್ನ ಅನುಭವ

ಚಿತ್ರದುರ್ಗ ಜಿಲ್ಲೆಯ ಕನ್ನಡ ಮಾಧ್ಯಮದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನಾನು ಒಂಬತ್ತನೇ ತರಗತಿಯ ಶಬ್ದದ ಪಾಠವನ್ನು ಶ್ರುತಿಕವೆಯಿಂದಲ್ಲ (ಬಡಿದರೆ ಒಂದೇ ಸ್ವರ ಹೊರಡಿಸುವ ಲೋಹದ ಕವೆ), ದನ ಕಟ್ಟುವ ನೂಲಿನ ಹಗ್ಗದಿಂದ ಆರಂಭಿಸುತ್ತೇನೆ. ಶಬ್ದದ ಅಲೆ ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಅಲೆಯ ಜೊತೆಗೆ ಮಾಧ್ಯಮ, ಅಂದರೆ ಅಲೆ ಸಾಗುವ ವಸ್ತು, ಹೊರಟುಹೋಗುವುದಿಲ್ಲ ಎಂಬುದೂ, ಅಲೆಯ ವೇಗವನ್ನು ನಿರ್ಧರಿಸುವುದು ಅಲುಗಿಸಿದ ಕೈಯಲ್ಲ, ಮಾಧ್ಯಮ ಎಂಬುದೂ ಮೊದಲು ಕಾಣುವ ವಸ್ತುವಿನಲ್ಲೇ ಮನದಟ್ಟಾಗಬೇಕು.

ನೈಲಾನ್ ಹಗ್ಗ ತೀರ ಹಗುರ. ಅಲೆ ಕಣ್ಣಿಗೆ ಸಿಗುವ ಮುನ್ನವೇ ಓಡಿಬಿಡುತ್ತದೆ. ಹೆಬ್ಬೆರಳು ದಪ್ಪದ ನೂಲಿನ ಹಗ್ಗದಲ್ಲಾದರೆ ಉಬ್ಬು ನಿಧಾನವಾಗಿ ಸಾಗುವುದರಿಂದ ಹಿಂದಿನ ಬೆಂಚಿನವರಿಗೂ ಕಾಣುತ್ತದೆ. ಒಂದು ತುದಿಯನ್ನು ಕಿಟಕಿಯ ಸರಳಿಗೆ ಬಿಗಿದು, ನಡುವೆ ಕೆಂಪು ಬಟ್ಟೆಯ ಚೂರೊಂದನ್ನು ಕಟ್ಟಿ, ಉಬ್ಬು ದಾಟಿದ ಮೇಲೆ ಬಟ್ಟೆ ಎಲ್ಲಿರುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಮೊದಲೇ ಬರೆಸುತ್ತೇನೆ. ಬರೆಸದೆ ಪ್ರಯೋಗ ತೋರಿಸಿದರೆ ಎಲ್ಲರೂ ತಮಗೆ ಮೊದಲೇ ಗೊತ್ತಿತ್ತು ಎನ್ನುತ್ತಾರೆ. ಬಟ್ಟೆ ಮೇಲೆದ್ದು, ಇಳಿದು, ಇದ್ದಲ್ಲಿಯೇ ನಿಲ್ಲುವುದನ್ನು ಕಂಡ ಮೇಲೆ ಈ ಮಾತು ಬೇಗ ಇತ್ಯರ್ಥವಾಗುತ್ತದೆ.

ಎರಡನೆಯದು ಅಷ್ಟು ಸುಲಭವಲ್ಲ. ಜೋರಾಗಿ ಬಡಿದರೆ ಉಬ್ಬು ಬೇಗ ತಲುಪುತ್ತದೆ ಎಂದೇ ಬಹುತೇಕ ಇಡೀ ತರಗತಿ ಬರೆಯುತ್ತದೆ. ಇದಕ್ಕೆ ಒಂದೇ ಬಗೆಯ ಎರಡು ಹಗ್ಗಗಳನ್ನು ಪಕ್ಕಪಕ್ಕದಲ್ಲಿ ಕಟ್ಟಬೇಕು. ಆದರೆ ಈಚೆ ತುದಿಯನ್ನು ಮಕ್ಕಳ ಕೈಗೆ ಕೊಡಬಾರದು, ಏಕೆಂದರೆ ಜೋರಾಗಿ ಝಾಡಿಸುವವನು ತನಗರಿವಿಲ್ಲದೆ ಹಗ್ಗವನ್ನು ಎಳೆದು ಬಿಗಿಮಾಡುತ್ತಾನೆ, ಆಗ ಅವನ ಉಬ್ಬು ನಿಜವಾಗಿಯೇ ಮುಂದೆ ಹೋಗಿ ತಪ್ಪು ಉತ್ತರವೇ ಗೆಲ್ಲುತ್ತದೆ. ಈಚೆ ತುದಿಗಳನ್ನು ಡೆಸ್ಕಿನ ಅಂಚಿನ ಮೇಲಿಂದ ಇಳಿಬಿಟ್ಟು ಒಂದೊಂದು ಇಟ್ಟಿಗೆ ತೂಗುಹಾಕಿದರೆ ಬಿಗಿತ ಸಮವಾಗುತ್ತದೆ. ನಂತರ ಒಬ್ಬನಿಂದ ಮೆಲ್ಲಗೆ, ಇನ್ನೊಬ್ಬಳಿಂದ ಬಲವಾಗಿ ಹಗ್ಗವನ್ನು ಅಂಗೈಯಲ್ಲಿ ಬಡಿಸಿದಾಗ ಚಿಕ್ಕ ಉಬ್ಬೂ ದೊಡ್ಡ ಉಬ್ಬೂ ಒಟ್ಟಿಗೇ ಸರಳನ್ನು ಮುಟ್ಟುತ್ತವೆ. ಬದಲಾದದ್ದು ಪಾರ, ಅಂದರೆ ಉಬ್ಬಿನ ಎತ್ತರ ಮಾತ್ರ, ವೇಗವಲ್ಲ. ಒಂದು ಹಗ್ಗಕ್ಕೆ ಇನ್ನೊಂದು ಇಟ್ಟಿಗೆ ಸೇರಿಸಿದರೆ ಅದರ ಉಬ್ಬು ಮುಂದಾಗುತ್ತದೆ. ಈ ಒಂದು ಪ್ರಯೋಗಕ್ಕೆ ಇಡೀ ಪೀರಿಯಡ್ ಹೋದರೂ ನನಗೆ ಚಿಂತೆಯಿಲ್ಲ.

ಶಬ್ದದಲ್ಲಿರುವಂತೆ ಮಾಧ್ಯಮದ ಕಣಗಳು ಅಲೆ ಸಾಗುವ ದಿಕ್ಕಿನಲ್ಲೇ ಹಿಂದೆಮುಂದೆ ಅಲುಗುವ ನೀಳ ತರಂಗಕ್ಕೆ ಸ್ಲಿಂಕಿ ಎಂಬ ಸುರುಳಿ ಸ್ಪ್ರಿಂಗಿನ ಆಟಿಕೆ ಸಾಕು. ಪ್ಲಾಸ್ಟಿಕ್ಕಿನದಕ್ಕಿಂತ ಉಕ್ಕಿನದು ಮೇಲು. ನೆಲದ ಮೇಲೆ ಚಾಚಿ ಒಮ್ಮೆ ಮುಂದಕ್ಕೆ ತಳ್ಳಿ ಹಿಂದಕ್ಕೆ ಎಳೆದರೆ ಸುರುಳಿಗಳು ಒತ್ತೊತ್ತಾದ ಸಂಪೀಡನ ಸಾಗುವುದೂ ಅದರ ಹಿಂದೆ ಸುರುಳಿಗಳು ದೂರದೂರವಾದ ವಿರಳನ ಬರುವುದೂ ಕಾಣುತ್ತದೆ.

ನೀರಿನ ಅಲೆಗೆ ಹಳೆಯ ಫೋಟೋ ಫ್ರೇಮಿನ ಗಾಜಿನ ಸುತ್ತ ಎಂಸೀಲಿನ ಅಂಚು ಕಟ್ಟಿ, ಅರ್ಧ ಸೆಂಟಿಮೀಟರಿನಷ್ಟು ನೀರು ಹಾಕಿ, ಎರಡು ಸ್ಟೂಲುಗಳ ನಡುವೆ ಇಟ್ಟು, ಮೇಲಿಂದ ಮೊಬೈಲಿನ ಟಾರ್ಚ್ ಬೆಳಗಿಸಿದರೆ ಕೆಳಗಿನ ಬಿಳಿ ಹಾಳೆಯ ಮೇಲೆ ಅಲೆಗಳು ಬೆಳಕಿನ ಗೆರೆಗಳಾಗಿ ಮೂಡುತ್ತವೆ. ಅಂಚಿಗೆ ಬಟ್ಟೆಯ ಪಟ್ಟಿ ಹಾಕದಿದ್ದರೆ ಮರಳಿ ಬಂದ ಅಲೆಗಳು ಎಲ್ಲವನ್ನೂ ಕಲಸಿಬಿಡುತ್ತವೆ. ನೀರೊಳಗೆ ಗಾಜಿನ ತುಂಡೊಂದನ್ನು ಮುಳುಗಿಸಿದ ಜಾಗದಲ್ಲಿ ಆಳ ಕಡಿಮೆಯಾಗಿ ಗೆರೆಗಳು ಹತ್ತಿರವಾಗುತ್ತವೆ: ಆವೃತ್ತಿ (ಸೆಕೆಂಡಿಗೆ ಹೊರಡುವ ಅಲೆಗಳ ಸಂಖ್ಯೆ) ಅದೇ, ವೇಗ ತಗ್ಗಿತು, ಆದ್ದರಿಂದ ತರಂಗದೂರವೂ (ಒಂದು ಅಲೆಯಿಂದ ಮುಂದಿನ ಅಲೆಗಿರುವ ದೂರ) ತಗ್ಗಿತು. ವೇಗವೆಂದರೆ ಆವೃತ್ತಿ ಮತ್ತು ತರಂಗದೂರಗಳ ಗುಣಲಬ್ಧ ಎಂಬ ಸೂತ್ರವನ್ನು ನಾನು ಬೋರ್ಡಿನ ಮೇಲೆ ಬರೆಯುವುದು ಇದಾದ ಮೇಲೆಯೇ.

ಪ್ರತಿಧ್ವನಿ ಎಂದೊಡನೆ ಮಕ್ಕಳು ಕೋಟೆಗೆ ಹೋಗೋಣ ಎನ್ನುತ್ತಾರೆ. ಆದರೆ ಏಳು ಸುತ್ತಿನ ಕೋಟೆಯ ದುಂಡು ಬಂಡೆಗಳು ಸದ್ದನ್ನು ದಿಕ್ಕುದಿಕ್ಕಿಗೆ ಚದುರಿಸುವುದರಿಂದ ಅಳತೆಗೆ ಅವು ಒದಗುವುದಿಲ್ಲ. ಇದಕ್ಕೆ ಮೈದಾನದಾಚೆಯ ಗೋಡೌನಿನ ಚಪ್ಪಟೆ ಗೋಡೆಯೇ ವಾಸಿ. ನಮ್ಮ ಕಡೆಯ ಗಾಳಿ ಎಂಥದ್ದೆಂದು ಗುಡ್ಡದ ಮೇಲಿನ ಗಾಳಿಯಂತ್ರಗಳೇ ಹೇಳುತ್ತವೆ, ಹಾಗಾಗಿ ಗಾಳಿ ಏಳುವ ಮುನ್ನ, ಬೆಳಗ್ಗೆ ಹೋಗುತ್ತೇವೆ. ಗೋಡೆಯಿಂದ 60 ಮೀಟರ್ ಟೇಪಿನಲ್ಲಿ ಅಳೆದು ನಿಂತು, ಎರಡು ಮರದ ತುಂಡುಗಳನ್ನು ಒಂದೇ ಲಯದಲ್ಲಿ ಬಡಿಯುತ್ತ, ಪ್ರತಿಧ್ವನಿ ಎರಡು ಬಡಿತಗಳ ಸರಿಯಾದ ನಡುವೆ ಬೀಳುವಂತೆ ಲಯವನ್ನು ಹೊಂದಿಸಿಕೊಳ್ಳಬೇಕು. ಆಗ ಒಂದು ಬಡಿತದಿಂದ ಮುಂದಿನ ಬಡಿತದೊಳಗೆ ಶಬ್ದ 240 ಮೀಟರ್ ಸಾಗುವಷ್ಟು ಸಮಯ ಕಳೆದಿರುತ್ತದೆ. ಮೊದಲ ಬಡಿತವನ್ನು ಸೊನ್ನೆ ಎಂದು ಎಣಿಸಿ 20ನೆಯದಕ್ಕೆ ಸ್ಟಾಪ್‌ವಾಚ್ ನಿಲ್ಲಿಸಿದರೆ ಸುಮಾರು 14 ಸೆಕೆಂಡ್ ಬರುತ್ತದೆ. 4800ನ್ನು 14ರಿಂದ ಭಾಗಿಸಿದರೆ ಸೆಕೆಂಡಿಗೆ 343 ಮೀಟರ್. 25 ಡಿಗ್ರಿ ಸೆಲ್ಸಿಯಸ್‌ಗೆ ಪುಸ್ತಕ ಕೊಡುವ ಬೆಲೆ 346. ಬೆರಳು ಅರ್ಧ ಸೆಕೆಂಡ್ ತಡವಾದರೆ ಉತ್ತರ 331ಕ್ಕೆ ಇಳಿಯುತ್ತದೆ ಎಂಬುದನ್ನೂ ಅಲ್ಲೇ ಲೆಕ್ಕ ಹಾಕಿಸುತ್ತೇನೆ.

ಇಂಥ ಒಂದು ಬೆಳಗ್ಗೆ ಕಲ್ಲು ಕ್ವಾರಿಯ ಪಕ್ಕದ ಊರಿನ ಹುಡುಗಿಯೊಬ್ಬಳು, "ಸರ್, ನಮ್ಮೂರಲ್ಲಿ ಸಿಡಿಮದ್ದು ಹಾರಿಸಿದಾಗ ಮೊದಲು ಹೊಗೆ ಕಾಣುತ್ತೆ, ಆಮೇಲೆ ಕಾಲಡಿ ನೆಲ ಅದುರುತ್ತೆ, ಸದ್ದು ಬರೋದು ಕಡೇಲಿ" ಎಂದಳು. ಬಂಡೆಯಲ್ಲಿ ಅಲೆ ಸೆಕೆಂಡಿಗೆ ಹಲವು ಸಾವಿರ ಮೀಟರ್ ಸಾಗುತ್ತದೆ. ಸ್ಫೋಟ ಒಂದೇ, ಮಾಧ್ಯಮ ಬೇರೆ. ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ಬಳಿ ಇರಲಿಲ್ಲ. ಅಂದಿನಿಂದ ಪಠ್ಯದಲ್ಲಿರುವ ವೇಗಗಳ ಕೋಷ್ಟಕವನ್ನು ಬಾಯಿಪಾಠ ಮಾಡಿಸುವುದನ್ನು ಬಿಟ್ಟು ಲೆಕ್ಕವೊಂದನ್ನು ಕೊಡುತ್ತೇನೆ: 60 ಮೀಟರ್ ಉದ್ದದ ಉಕ್ಕಿನ ಪೈಪಿನ ಒಂದು ತುದಿಗೆ ಬಡಿದರೆ, ಇನ್ನೊಂದು ತುದಿಗೆ ಕಿವಿಗೊಟ್ಟವರಿಗೆ ಉಕ್ಕಿನ ಮೂಲಕ ಮತ್ತು ಗಾಳಿಯ ಮೂಲಕ ಬರುವ ಎರಡು ಸದ್ದುಗಳ ನಡುವೆ ಎಷ್ಟು ಸಮಯದ ಅಂತರ ಇರುತ್ತದೆ? ಉಕ್ಕಿನಲ್ಲಿ ವೇಗ 5960 ಎಂದು ಹಿಡಿದರೆ ಉತ್ತರ ಸುಮಾರು 0.16 ಸೆಕೆಂಡ್.