ಅವಳು ಗುರುತು ಹಿಡಿದದ್ದು ಅರಿಶಿನದ ಕಲೆಯನ್ನು

ಮದ್ದೂರು ತಾಲ್ಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ಒಂದನೇ, ಎರಡನೇ ತರಗತಿ ಮಕ್ಕಳಿಗೆ ಓದು ಕಲಿಸುತ್ತೇನೆ. ಮೊದಲ ವರ್ಷ ರಟ್ಟು ಕತ್ತರಿಸಿ ಮೂವತ್ತು ಮಿಂಚುಪಟ್ಟಿ ಮಾಡಿಕೊಂಡಿದ್ದೆ. ಪದ, ಪಕ್ಕದಲ್ಲೇ ಚಿಕ್ಕದೊಂದು ಚಿತ್ರ. ಒಂದು ತಿಂಗಳು ದಿನಾ ತೋರಿಸಿ ಹೇಳಿಸಿದೆ. ಆಮೇಲೆ ಚಿತ್ರದ ಭಾಗ ಕತ್ತರಿಸಿ ಬರೀ ಪದ ಉಳಿಸಿಕೊಂಡೆ. ಒಬ್ಬ ಹುಡುಗಿ ಎಲ್ಲರಿಗಿಂತ ಮೊದಲು ‘ಕಮಲ’ ಅನ್ನುತ್ತಿದ್ದಳು. ನನಗೆ ತುಂಬಾ ಖುಷಿ.

ಒಂದು ದಿನ ಅದೇ ಪದವನ್ನು ಬೋರ್ಡಿನ ಮೇಲೆ ಬರೆದೆ. ಸುಮ್ನೆ ನಿಂತಳು. ಪಟ್ಟಿ ಎತ್ತಿ ತೋರಿಸಿದೆ, ತಕ್ಷಣ ‘ಕಮಲ’ ಅಂದಳು. “ಹೇಗೆ ಗೊತ್ತಾಯ್ತು ಕಂದಾ?” ಅಂತ ಕೇಳಿದೆ. ರಟ್ಟಿನ ಮೂಲೆಯಲ್ಲಿದ್ದ ಅರಿಶಿನದ ಕಲೆ ಮೇಲೆ ಬೆರಳಿಟ್ಟು, “ಇದೈತಲ್ಲ ಮಿಸ್” ಅಂದಳು.

ಅವಳದೇನೂ ತಪ್ಪಿಲ್ಲ. ಪದವನ್ನು ಇಡಿಯಾಗಿ ನೋಡಿ ನೆನಪಿಟ್ಟುಕೋ ಅಂತ ಹೇಳಿಕೊಟ್ಟವಳು ನಾನೇ. ಮಕ್ಕಳು ಸುಲಭವಾಗಿ ಕಂಡ ಗುರುತನ್ನು ಹಿಡಿದುಕೊಳ್ಳುತ್ತಾರೆ. ಅದೇ ತರಗತಿಯ ಇನ್ನೊಬ್ಬ ಹುಡುಗ ‘ಮ’ದಿಂದ ಶುರುವಾಗುವ ಬಸ್ ಬೋರ್ಡನ್ನೆಲ್ಲ ಮಂಡ್ಯ ಅಂತಲೇ ಓದುತ್ತಿದ್ದ. ಮಳವಳ್ಳಿಯೂ ಮಂಡ್ಯ, ಮದ್ದೂರೂ ಮಂಡ್ಯ.

ಹಾಗಂತ ‘ಅ’ದಿಂದ ‘ಳ’ವರೆಗೆ 49 ಅಕ್ಷರವನ್ನೂ ಬಾಯಿಪಾಠ ಮಾಡಿಸಿ, ಆಮೇಲೆ ಓದಿಸೋಣ ಅಂದರೂ ಆಗಲ್ಲ. ‘ಕ ಇಳಿ ಕಾ, ಕ ಗುಡಿಸು ಕಿ’ ಅಂತ ರಾಗವಾಗಿ ಹೇಳುವ ಮಗುವಿಗೆ ನಡುವಿನ ‘ಕು’ ತೋರಿಸಿ ನೋಡಿ. ಮತ್ತೆ ಮೊದಲಿಂದ ಹೇಳಿಕೊಂಡೇ ಬರಬೇಕು.

ನಲಿ-ಕಲಿ ತೋರಿಸಿದ ದಾರಿ ನನಗೆ ಇಲ್ಲಿ ಕೈಹಿಡಿಯಿತು. ನಮ್ಮ ಪಕ್ಕದ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾದ ಪದ್ಧತಿ ಅದು. ಅದರಲ್ಲಿ ಮೊದಲು ಬರುವ ಅಕ್ಷರಗಳು ರ, ಗ, ಸ, ದ, ಅ. ಇಷ್ಟು ಗೊತ್ತಿದ್ದರೆ ಸರ, ದರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ಕೊಂಬು, ಗುಡಿಸು ಯಾವುದೂ ಬೇಡ.

ಆದರೂ ‘ಗ… ರ… ಗ… ಸ’ ಅಂತ ಬಿಡಿಸಿ ಹೇಳಿದ ಮಗುವಿಗೆ ಕೊನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ. ಅದಕ್ಕೆ ಪದದ ಕೆಳಗೆ ಬೆರಳು ಎಳೆದುಕೊಂಡು, ಉಸಿರು ಕಡಿಯದೆ ಹೇಳಿಸಿದೆ. ಆಮೇಲೆ “ಈಗ ಮಾತಾಡೋ ಹಾಗೆ ಹೇಳು” ಅನ್ನುತ್ತಿದ್ದೆ. ಅಪ್ಪ ಮರಗೆಲಸ ಮಾಡುವ ಹುಡುಗನೊಬ್ಬ ಹಾಗೆ ಎಳೆದು ಎಳೆದು ಹೇಳುತ್ತಾ, ಒಮ್ಮೆಲೇ “ಗರಗಸ! ನಮ್ಮನೇಲೈತೆ ಮಿಸ್!” ಅಂತ ಕೂಗಿದ. ನಾನು ಅಷ್ಟು ಹೊತ್ತು ಕಾದಿದ್ದು ಆ ಕೂಗಿಗೇ.

ಆಮೇಲೆ ಒಂದೊಂದೇ ಅಕ್ಷರ ಅಳಿಸಿ ಬದಲಾಯಿಸುವ ಆಟ. ‘ಸರ’ ಬರೆದು ‘ಸ’ ಅಳಿಸಿದರೆ ‘ದರ’. ‘ರ’ ಅಳಿಸಿದರೆ ‘ದನ’. ಅಲ್ಲಿಂದ ‘ವನ’, ‘ಜನ’. ಮೊದಲ ಅಕ್ಷರ ನೋಡಿ ಊಹೆ ಮಾಡಲು ಇಲ್ಲಿ ದಾರಿಯೇ ಇಲ್ಲ, ಪ್ರತಿ ಅಕ್ಷರವನ್ನೂ ನೋಡಲೇಬೇಕು. ಅದೇ ಪದಗಳನ್ನು ಸ್ಲೇಟಿನಲ್ಲಿ, ಮಣ್ಣಿನಲ್ಲಿ, ಬೋರ್ಡಿನಲ್ಲಿ ಹೀಗೆ ಅಕ್ಷರ ಹಿಡಿದು ಓದುತ್ತಾ ಹೋದ ಮಕ್ಕಳಿಗೆ, ಕೆಲವು ವಾರಗಳಲ್ಲಿ ಬಿಡಿಸುವ ಅಗತ್ಯವೇ ಬರಲಿಲ್ಲ. ಕಂಡ ತಕ್ಷಣ ಹೇಳತೊಡಗಿದರು. ಅರಿಶಿನದ ಕಲೆಯ ಹುಡುಗಿಯೂ ಅಷ್ಟೆ.

ನಮ್ಮ ಕಡೆ ಹಾಲಿಗೆ ಆಲು, ಹಸುವಿಗೆ ಅಸು ಅನ್ನುವ ಮನೆಗಳು ಜಾಸ್ತಿ. ‘ಹಾಲು’ ನೋಡಿ ಮಗು ‘ಆಲು’ ಅಂದರೆ ನಾನು ತಡೆಯಲ್ಲ. ಪದ ಗೊತ್ತಾಗಿದೆ, ಮನೆಯಲ್ಲಿ ಆಡುವ ಹಾಗೆ ಹೇಳಿದೆ ಅಷ್ಟೆ. ಮಾತುಮಾತಿಗೂ ತಿದ್ದಿದರೆ ಬಾಯಿ ಬಿಡುವುದನ್ನೇ ನಿಲ್ಲಿಸುತ್ತದೆ. ಬರೆಯುವಾಗ ‘ಹ’ ಬಂತಾ ಅಂತ ನೋಡಿದರೆ ಸಾಕು.

ವಾಕ್ಯಕ್ಕೆ ಬಂದಾಗ ಇನ್ನೊಂದು ತೊಡಕು. ‘ಹೊಲ’ ಸಲೀಸಾಗಿ ಓದುವ ಮಗು ‘ಹೊಲದಲ್ಲಿ’ ಅಂತ ಬಂದರೆ ಅಲ್ಲೇ ನಿಂತುಬಿಡುತ್ತದೆ. ನಮ್ಮ ಪದಗಳಿಗೆ ಬಾಲ ಬೆಳೆಯುತ್ತಲೇ ಇರುತ್ತದೆ, ಅಲ್ವಾ? ಉದ್ದದ ಕಾಗದದಲ್ಲಿ ‘ಹೊಲದಲ್ಲಿ’ ಬರೆದು, ‘ದಲ್ಲಿ’ ಕಾಣದ ಹಾಗೆ ಹಿಂದಕ್ಕೆ ಮಡಚಿದೆ. ಮಗು ‘ಹೊಲ’ ಓದಿ ಮಡಿಕೆ ಬಿಚ್ಚುತ್ತದೆ. ಮರದಲ್ಲಿ, ಕೊಳದಲ್ಲಿ ಎಲ್ಲದಕ್ಕೂ ಅದೇ ಬಾಲ.

ಒತ್ತಕ್ಷರಕ್ಕೆ ‘ಅಜ್ಜಿ’, ‘ಕಬ್ಬು’ ಮೊದಲು. ಒತ್ತು ಅಕ್ಷರದ ಹಾಗೇ ಕಾಣುತ್ತದೆ. ಆಕಾರ ಬದಲಾಗುವ ‘ಅಮ್ಮ’, ‘ಬೆಲ್ಲ’ ಆಮೇಲೆ. ಎಲ್ಲಕ್ಕಿಂತ ಕೊನೆಗೆ ಅರ್ಕಾವತ್ತು. ‘ಸೂರ್ಯ’ದಲ್ಲಿ ‘ರ್’ ಮೊದಲು ಕೇಳುತ್ತದೆ, ಆದರೆ ಅದರ ಗುರುತು ‘ಯ’ ಆದಮೇಲೆ ಇದೆ. ಮಕ್ಕಳು ‘ಸೂಯರ’ ಅಂತ ಓದುವುದು ಅದಕ್ಕೇ. ‘ಸೂ’ ಆದಮೇಲೆ ಬೆರಳನ್ನು ಒಂದು ಹೆಜ್ಜೆ ಮುಂದೆ ಹಾರಿಸಿ ಆ ಗುರುತನ್ನು ಮುಟ್ಟಿಸಿ, ‘ರ್’ ಅನ್ನಿಸಿ, ಹಿಂದಕ್ಕೆ ಬಂದು ‘ಯ’ ಹೇಳಿಸುತ್ತೇನೆ. ಪರ್ವತ, ಸರ್ಪ, ಕಾರ್ತಿಕ ಎಲ್ಲಕ್ಕೂ ಬೆರಳು ಹೀಗೇ ಹಾರಬೇಕು.