ಪ್ರಾಡಕ್ಟ್ ಮ್ಯಾನೇಜರ್‌ಗೆ ಸಂಬಳ ಕೊಟ್ಟ ಲೆಕ್ಕ

ಕೊಡಗಿನ ಗೋಣಿಕೊಪ್ಪದಲ್ಲಿ ಕೂತು ಸಾಫ್ಟ್‌ವೇರ್ ಮಾಡುತ್ತೇನೆ ಅಂದಾಗ ನಕ್ಕವರು, ಪ್ರಾಡಕ್ಟ್ ಮ್ಯಾನೇಜರ್, ಅಂದರೆ ಸಾಫ್ಟ್‌ವೇರ್‌ನಲ್ಲಿ ಏನು ಮಾಡಬೇಕು, ಯಾವುದು ಮೊದಲು ಎಂದು ತೀರ್ಮಾನಿಸುವವರನ್ನು ಇಟ್ಟುಕೊಳ್ಳುತ್ತೇನೆ ಅಂದಾಗ ಇನ್ನೂ ಜೋರಾಗಿ ನಕ್ಕರು. ನಮ್ಮ ಆಡಿಟರ್ ಅಂತೂ ನೇರವಾಗಿ ಕೇಳಿದರು: "ಕೋಡ್ ಬರೆಯಲ್ಲ, ಮಾರಲ್ಲ, ವಸೂಲಿಗೂ ಹೋಗಲ್ಲ. ಮತ್ತೆ ಸಂಬಳ ಯಾವುದಕ್ಕೆ?" ಈಗ ಅವರೇ ಇನ್ನೊಬ್ಬ ಕ್ಲೈಂಟ್‌ಗೆ ನನ್ನ ನಂಬರ್ ಕೊಟ್ಟಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಕಾಫಿ ತೋಟದ ಚೆಕ್‌ರೋಲ್ ಆಪ್, ಅಂದರೆ ಕೂಲಿಯವರ ಲೆಕ್ಕದ ಪುಸ್ತಕ ಫೋನಿನಲ್ಲಿ. ಹಾಜರಿ, ಕೊಯ್ಲಿನ ತೂಕ, ಮುಂಗಡ, ವಾರದ ಬಟವಾಡೆ. ಮೂವತ್ತು ತೋಟ ಇರುವ ತನಕ ಏನು ಮಾಡಬೇಕು, ಏನು ಬಿಡಬೇಕು ಎಂದು ನಾನೇ ಹೇಳುತ್ತಿದ್ದೆ. ಫೋನ್ ಮಾಡಿದ ರೈಟರ್ (ತೋಟದ ಲೆಕ್ಕ ಬರೆಯುವವರು) ಯಾರು ಅಂತ ದನಿಯಲ್ಲೇ ಗೊತ್ತಾಗುತ್ತಿತ್ತು. ತೋಟ ನೂರರ ಹತ್ತಿರ ಬಂದು, ನಾವು ಹನ್ನೆರಡು ಹದಿಮೂರು ಜನ ಆದಾಗ ರಗಳೆ ಶುರುವಾಯಿತು. ಸೇಲ್ಸ್ ಹುಡುಗ ಪಾಲಿಬೆಟ್ಟದಲ್ಲಿ ಒಂದು ಮಾತು ಕೊಟ್ಟು ಬರುತ್ತಿದ್ದ. ನಾನು ಅಮ್ಮತ್ತಿಯಲ್ಲಿ ಮದುವೆ ಊಟಕ್ಕೆ ಹೋಗಿ ಇನ್ನೊಂದು ಒಪ್ಪಿಕೊಂಡು ಬರುತ್ತಿದ್ದೆ. ಕೋಡ್ ಬರೆಯುವವರು ಯಾರ ದನಿ ಜೋರೋ ಅವರ ಕೆಲಸ ಮೊದಲು ಮಾಡುತ್ತಿದ್ದರು.

ಆಗಿನ ದೊಡ್ಡ ಪೆಟ್ಟು ಬೆರಳಚ್ಚಿನ ಯಂತ್ರ. ಒಂದು ದೊಡ್ಡ ತೋಟದವರು ಕೇಳಿದರು, ಸುಮಾರು 3.5 ಲಕ್ಷ ಸುರಿದೆವು. ವರ್ಷವಿಡೀ ಕತ್ತಿ, ಗುದ್ದಲಿ ಹಿಡಿದು ಸವೆದ ಬೆರಳು, ಮೇಲೆ ಕಾಫಿ ಹಣ್ಣಿನ ಅಂಟು. ಯಂತ್ರ ಅರ್ಧ ಜನರನ್ನು ಗುರುತೇ ಹಿಡಿಯಲಿಲ್ಲ. ಜುಲೈ ಮಳೆಯಲ್ಲಿ ಕರೆಂಟೂ ಇಲ್ಲ. ಕೇಳಿದ ತೋಟದವರು ಮರುವರ್ಷ ಚಂದಾನೇ ಕಟ್ಟಲಿಲ್ಲ. ಯಂತ್ರಗಳು ಆಫೀಸಿನ ಅಟ್ಟದಲ್ಲಿವೆ, ಯಾರಿಗಾದರೂ ಬೇಕಿದ್ದರೆ ಅಗ್ಗಕ್ಕೆ ಕೊಡುತ್ತೇನೆ.

ಮೊದಲು ಬೆಂಗಳೂರಿನಿಂದ ಎಂಬಿಎ ಮಾಡಿದ ಒಬ್ಬರನ್ನು ಕರೆತಂದೆ. ತಿಂಗಳಿಗೆ ಲಕ್ಷದ ಮೇಲೆ. ಚಾರ್ಟ್ ಚೆನ್ನಾಗಿ ಮಾಡುತ್ತಿದ್ದರು, ಸುಳ್ಳು ಹೇಳಬಾರದು. ತೋಟಕ್ಕೆ ಹೋಗಿ ಬನ್ನಿ ಅಂದರೆ ಜಿಗಣೆ ಅನ್ನುತ್ತಿದ್ದರು. ಮಳೆಗಾಲದಲ್ಲಿ ನಾಲ್ಕೈದು ದಿನ ಕರೆಂಟ್ ಹೋಯಿತು, ಅವರೂ ಹೋದರು.

ಆಮೇಲೆ ನಮ್ಮದೇ ಸಪೋರ್ಟ್ ಫೋನ್ ಎತ್ತುತ್ತಿದ್ದ ಹುಡುಗಿಯನ್ನು ಕೂರಿಸಿದೆ. ಸಿದ್ದಾಪುರದವರು, ಬಿಕಾಂ, ತಂದೆ ತೋಟದಲ್ಲಿ ರೈಟರ್ ಆಗಿದ್ದವರು. ಸಂಬಳ 45 ಸಾವಿರದ ಆಸುಪಾಸು. ನನ್ನ ಪಾರ್ಟ್ನರ್ ಸುಮಾರು ದಿನ ಮಾತು ಬಿಟ್ಟ. ಇದು ಐಟಿಯವರ ಶೋಕಿ ಎಂದು ಅವನ ವಾದ. ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನಲ್ಲಿ ಸೋಪಿನ ಜಾಹೀರಾತು ನೋಡಿಕೊಳ್ಳುತ್ತಿದ್ದ ನೀಲ್ ಮೆಕೆಲ್ರಾಯ್, ಒಂದೊಂದು ಬ್ರ್ಯಾಂಡಿಗೂ ಪೂರ್ತಿ ಹೊಣೆ ಹೊರುವವರು ಬೇಕು ಅಂತ 1931ರಲ್ಲೇ ಬರೆದುಕೊಟ್ಟಿದ್ದರು, ಆಗ ಐಟಿ ಎಲ್ಲಿತ್ತು ಎಂದು ಕೇಳಿದೆ. ಅದಕ್ಕೂ ಅವನು ಉತ್ತರ ಕೊಡಲಿಲ್ಲ.

ನಮ್ಮ ಹೊಸ ಮ್ಯಾನೇಜರ್ ಮೊದಲು ಮಾಡಿದ್ದು ಹೊಸ ಕೆಲಸ ಎಲ್ಲ ನಿಲ್ಲಿಸಿದ್ದು. ಆಮೇಲೆ ರೋಬಸ್ಟಾ ಕೊಯ್ಲಿನ ಹೊತ್ತಲ್ಲಿ, ಸಂಜೆ ತೂಕದ ಜಾಗಕ್ಕೆ ಹೋಗಿ ನಿಂತರು. ಮೂಟೆ ಏರುತ್ತದೆ, ತೂಕ ಕೂಗುತ್ತಾರೆ, ರೈಟರ್ ಪುಸ್ತಕದಲ್ಲಿ ಬರೆಯುತ್ತಾರೆ. ನಮ್ಮ ಆಪ್ ಇರುವ ಫೋನ್ ಜೇಬಿನಲ್ಲೇ. ರಾತ್ರಿ ಮನೆಗೆ ಹೋಗಿ ಅದನ್ನೇ ಮತ್ತೆ ಒತ್ತುವುದು. ಯಾಕೆ ಎಂದು ಕೇಳಿದರೆ, "ಮೇಡಂ, ನಿಮ್ಮ ಪಟ್ಟಿಯಲ್ಲಿ ಹೆಸರು ಹುಡುಕುವಷ್ಟರಲ್ಲಿ ಇಲ್ಲಿ ಮೂರು ಮೂಟೆ ಇಳಿದಿರುತ್ತೆ" ಅಂದರಂತೆ. ನಮ್ಮ ಪಟ್ಟಿ ಇದ್ದದ್ದು ಅಕಾರಾದಿಯಲ್ಲಿ. ಜನ ಬರುವುದು ಮೇಸ್ತ್ರಿಯ ಗುಂಪಿನ ಪ್ರಕಾರ, ರೈಟರ್‌ಗೆ ಬಾಯಿಪಾಠ ಇರುವುದು ಚೆಕ್‌ರೋಲ್ ನಂಬರ್. ಪಟ್ಟಿಯನ್ನು ಗುಂಪು, ನಂಬರ್ ಲೆಕ್ಕದಲ್ಲಿ ಜೋಡಿಸಿದೆವು, ಅಂಕಿಯ ಗುಂಡಿಗಳನ್ನು ದೊಡ್ಡದು ಮಾಡಿದೆವು. ಒಂದೆರಡು ದಿನದ ಕೆಲಸ ಅಷ್ಟೇ! ಮಳೆಗಾಲದಲ್ಲಿ ಮುಗಿಸಿ ಮುಂದಿನ ಕೊಯ್ಲಿಗೆ ಕೊಟ್ಟೆವು. ಸಪೋರ್ಟ್ ಕರೆ ಅರ್ಧಕ್ಕಿಂತ ಕೆಳಗಿಳಿಯಿತು. ಹತ್ತರಲ್ಲಿ ಆರು ತೋಟದವರು ರಿನ್ಯೂ ಮಾಡುತ್ತಿದ್ದರು, ಅದು ಒಂಬತ್ತಾಯಿತು. ತೋಟಕ್ಕೆ ವರ್ಷಕ್ಕೆ ಚಂದಾ ಸುಮಾರು 20 ಸಾವಿರ ಅಂದರೂ ಮ್ಯಾನೇಜರ್ ಸಂಬಳ ಅದರಲ್ಲೇ ಹುಟ್ಟಿತು, ಮೇಲೆ ಸ್ವಲ್ಪ ಮಿಕ್ಕಿತು.

ಅಲ್ಲಿಂದ ಕೆಲವು ಕಟ್ಟುಪಾಡು ಬಂದವು. ಡಿಸೆಂಬರ್‌ನಿಂದ ಮಾರ್ಚ್ ತನಕ, ಅಂದರೆ ಕೊಯ್ಲು ಮುಗಿಯುವ ತನಕ, ಆಪ್‌ನಲ್ಲಿ ಒಂದು ಗುಂಡಿಯೂ ಜಾಗ ಬದಲಿಸಬಾರದು. ಕೋರಿಕೆ ಏನಿದ್ದರೂ ಒಂದೇ ಪುಸ್ತಕಕ್ಕೆ, ನನ್ನದೂ ಸೇರಿ. ಯಾರು ಕೇಳಿದರು, ಎಷ್ಟು ತೋಟಕ್ಕೆ ಬೇಕು, ಈಗ ಅದಿಲ್ಲದೆ ಹೇಗೆ ನಡೆಯುತ್ತಿದೆ, ಇಷ್ಟನ್ನೂ ಬರೆಯಬೇಕು. ಕೊನೆಯದಕ್ಕೆ ಉತ್ತರ ಇಲ್ಲದಿದ್ದರೆ ಕೋರಿಕೆ ಅಲ್ಲೇ ಬಿತ್ತು. ಪ್ರೋಗ್ರಾಮರ್‌ಗಳು ಮ್ಯಾನೇಜರ್ ಕೈಕೆಳಗಿಲ್ಲ. ರಜೆ, ಸಂಬಳ ನಾನೇ ನೋಡುತ್ತೇನೆ. ಯಾವುದು ಮೊದಲು ಅನ್ನುವುದು ಮಾತ್ರ ಅವರದ್ದು. ತೋಟದವರಿಗೆ ನಿಜವಾಗಿ ಬೇಕೋ, ಸುಮ್ನೆ ಕೇಳುತ್ತಿದ್ದಾರೋ ತಿಳಿಯಲು ಅವರು ಒಂದು ಪ್ರಶ್ನೆ ಹಾಕುತ್ತಾರೆ. ಅದನ್ನು ಇಲ್ಲಿ ಬರೆಯಲ್ಲ, ಇದನ್ನು ಬೇರೆ ಕಂಪನಿಯವರೂ ಓದುತ್ತಾರೆ ಅಲ್ವಾ.

ನಡುವೆ ನನ್ನದೊಂದು ಪ್ರಯೋಗ. ನಮ್ಮ ಬೆಳೆಗಾರರು ಎದುರು ಬದುರಾದರೆ ಮೊದಲು ಕೇಳುವುದು "ನಿಮ್ಮಲ್ಲಿ ಎಷ್ಟು ಇಂಚು, ಎಷ್ಟು ಸೆಂಟು ಬಂತು?" ಮಳೆಯ ಮಾತು ಅದು, ಸೆಂಟು ಅಂದರೆ ಇಂಚಿನ ನೂರನೇ ಒಂದು ಪಾಲು. ಮಳೆ ಲೆಕ್ಕದ ಪುಟ ಹಾಕೋಣ ಅಂದೆ. ಮ್ಯಾನೇಜರ್ ಪುಸ್ತಕದಲ್ಲಿ ಅದರ ಪಕ್ಕ "ದುಡ್ಡು ಯಾರು ಕೊಡುತ್ತಾರೆ?" ಎಂದು ಬರೆದು ಬಿಟ್ಟರು. ನಾನು ಇಂಟರ್ನ್ ಹುಡುಗನಿಂದ ಬಿಡುವಿನಲ್ಲಿ ಮಾಡಿಸಿದೆ. ಕಾಫಿ ಹೂ ಅರಳಿಸುವ ಹೂಮಳೆ ಸಮಯದಲ್ಲಿ ಎಲ್ಲರೂ ತೆರೆಯುವುದು ಅದೇ ಪುಟ. ದುಡ್ಡು ಇನ್ನೂ ಯಾರೂ ಕೊಟ್ಟಿಲ್ಲ.

ಈಗ ತೋಟದವರು ಕರಿಮೆಣಸಿನ ಕೊಯ್ಲಿನ ಲೆಕ್ಕ ಕೇಳುತ್ತಿದ್ದಾರೆ. ಕೆಲವು ಕಡೆ ದಿನಗೂಲಿ, ಕೆಲವು ಕಡೆ ಕೆ.ಜಿ. ಲೆಕ್ಕ. ಒಂದು ಕೊಯ್ಲು ಪೂರ್ತಿ ನಿಂತು ನೋಡದೆ ಹೂಂ ಅನ್ನಲ್ಲ ಎಂದಿದ್ದಾರೆ ನಮ್ಮ ಮ್ಯಾನೇಜರ್. ಸೇಲ್ಸ್ ಹುಡುಗ ಆಗಲೇ ಒಂದೆರಡು ತೋಟಕ್ಕೆ ಮಾತು ಕೊಟ್ಟು ಬಂದಿದ್ದ. ವಾಪಸ್ ಹೋಗಿ ಇಲ್ಲ ಅಂತ ಹೇಳಿ ಬರಲು ಅವನನ್ನೇ ಕಳಿಸಿದರು.